ಅಮಾವಾಸ್ಯೆಗೆ ಮೊದಲೇ ಹೊರಟ ಚೀಲ

ಮಾಟುಂಗದ ನಮ್ಮ ಕಟ್ಟಡದಲ್ಲಿ ಈಗ ಚಲಾವಣೆಯಲ್ಲಿರುವ ಕತೆಯ ಪ್ರಕಾರ, ಮೂರನೆಯ ಮಹಡಿಯ ಹುಡುಗಿ, ಅಂದರೆ ನಾನು, ಕಾಲೇಜಿನಲ್ಲಿ ಕಲಿತ ವಾದವಿದ್ಯೆಯನ್ನೆಲ್ಲ ಸುರಿದು, ಅಮಾವಾಸ್ಯೆಯ ದಿನ ಪ್ರಯಾಣಕ್ಕೆಂದು ಎಂದೂ ಹೊಸ್ತಿಲು ದಾಟದ ತನ್ನ ಅಮ್ಮನನ್ನು ಅಮಾವಾಸ್ಯೆಯ ದಿನವೇ ಕಡಲ ಉದ್ಯಾನಕ್ಕೆ ಹೊರಡಿಸಿಬಿಟ್ಟಳು. ಕತೆ ಚೆನ್ನಾಗಿದೆ. ಗೆದ್ದವಳು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡು ಶಾಲು ಹೊದೆಸಿಕೊಳ್ಳಬಹುದಿತ್ತು. ಆದರೆ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿರುತ್ತದೆ. ತೀರ್ಪು ತಮ್ಮ ಪರವಾಗಿ ಬಂದಾಗಲೂ ತೀರ್ಪುಗಾರ ಯಾವ ಆಧಾರದ ಮೇಲೆ ಅಂಕ ಕೊಟ್ಟ ಎಂದು ಕೆದಕದೆ ಅವರಿಗೆ ಊಟ ಸೇರುವುದಿಲ್ಲ. ಹಾಗಾಗಿ ಈ ಸಲ ನನ್ನ ಪಕ್ಷಕ್ಕೆ ನಾನೇ ಎದುರಾಳಿಯಾಗಿ ನಿಂತಿದ್ದೇನೆ, ನೀವು ತೀರ್ಪುಗಾರರ ಕುರ್ಚಿಯಲ್ಲಿ ಕುಳಿತುಕೊಳ್ಳಿ.

ಮೊದಲ ಸಾಕ್ಷಿ ನಮ್ಮ ಅಡುಗೆಮನೆಯ ಕ್ಯಾಲೆಂಡರು. ಪ್ರತಿ ವರ್ಷ ಊರಿನಿಂದ ಯಾರಾದರೊಬ್ಬರು ಸುರುಳಿ ಸುತ್ತಿ ತರುವ, ತಾರೀಖನ್ನು ದಪ್ಪಗೆ ಬರೆದು ತಿಥಿ ನಕ್ಷತ್ರಗಳನ್ನು ಇರುವೆ ಸಾಲಿನಷ್ಟು ಸಣ್ಣಗೆ ಮುದ್ರಿಸಿದ, ಒಗ್ಗರಣೆಯ ಹನಿ ಸಿಡಿದು ಯುಗಾದಿಯ ಹೊತ್ತಿಗೇ ಹಳದಿಯಾಗುವ ಕ್ಯಾಲೆಂಡರು. ನಾನು ನೋಡುವುದು ದಪ್ಪ ಅಕ್ಷರ, ಅಮ್ಮ ನೋಡುವುದು ಸಣ್ಣ ಅಕ್ಷರ. ಒಂದೇ ಹಾಳೆಯನ್ನು ಇಬ್ಬರು ಇಪ್ಪತ್ತು ವರ್ಷ ನೋಡಿಯೂ ಬೇರೆ ಬೇರೆ ಕಾಲಗಳಲ್ಲಿ ಬದುಕಬಹುದು ಎಂಬುದಕ್ಕೆ ನಮ್ಮ ಮನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬುದ್ಧಿ ಬಂದಾಗಿನಿಂದ ನಾನು ಆ ಸಣ್ಣ ಅಕ್ಷರಗಳನ್ನು ಗೇಲಿ ಮಾಡಿಕೊಂಡೇ ಬಂದವಳು. ಇಂಥ ದಿನ ತಲೆಗೆ ಎಣ್ಣೆ ಹಚ್ಚಬಾರದು, ಇಂಥ ದಿನ ಉಗುರು ಕತ್ತರಿಸಬಾರದು ಎಂದು ಅಮ್ಮ ಅಂದಾಗಲೆಲ್ಲ ಪುರಾವೆ ಕೇಳುತ್ತಿದ್ದೆ. ಅಮ್ಮ ಪುರಾವೆಯ ಬದಲು ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು.

ಇನ್ನು ನಮ್ಮ ಕುಟುಂಬದ ಪ್ರವಾಸದ ಇತಿಹಾಸ. ಅದು ಒಂದು ಸಾಲಿನಲ್ಲಿ ಮುಗಿಯುತ್ತದೆ: ನಾವು ಪ್ರವಾಸ ಹೋಗುವವರಲ್ಲ, ಊರಿಗೆ ಹೋಗುವವರು. ಅಪ್ಪಯ್ಯ ಇಲ್ಲೇ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ, ಅಂದರೆ ಹಣದ ಪೆಟ್ಟಿಗೆಯ ಮುಂದೆ, ಕೂರುತ್ತಾರೆ. ಮೂವತ್ತು ವರ್ಷಗಳಿಂದ ಅವರ ರಜೆಯೆಂದರೆ ಕುಂದಾಪುರದ ಕಡೆಯ ರೈಲು, ಮನೆದೈವಕ್ಕೆ ಹಣ್ಣುಕಾಯಿ, ಎರಡು ಮದುವೆ, ತೀರಿಕೊಂಡ ಯಾರದಾದರೂ ಒಂದು ಬೊಜ್ಜ, ಮತ್ತೆ ಗಲ್ಲೆ. ಸೋಮವಾರ ಹೋಟೆಲಿಗೆ ಬಾಗಿಲು ಹಾಕುತ್ತಾರೆ. ಆ ದಿನ ಅವರು ಮಲಗುತ್ತಾರೆ. ಮುಂಬಯಿಯ ಕರಾವಳಿಯವರನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಮಂದಿಗೆ ಇದೇ ನಕ್ಷೆ. ಊರಲ್ಲದ ಊರಿಗೆ ಸುಮ್ಮನೆ ನೋಡಲಿಕ್ಕೆಂದು ಹೋಗುವುದು ನಮ್ಮಲ್ಲಿ ಹೆಚ್ಚುಕಡಿಮೆ ಅಪರಾಧ. ದೇವಸ್ಥಾನವನ್ನಾದರೂ ಜೊತೆಗೆ ಸೇರಿಸಿದರೆ ಮಾತ್ರ ಜಾಮೀನು. ಅಮ್ಮನಂತೂ ಮದುವೆಯಾಗಿ ಬಂದ ಮೇಲೆ ಎಲ್ಲಿಗಾದರೂ ಹೋಗೋಣ ಎಂದು ಬಾಯಿಬಿಟ್ಟು ಕೇಳಿದ್ದು ನನ್ನ ನೆನಪಿನಲ್ಲಿಲ್ಲ.

ಕಳೆದ ಮಳೆಗಾಲ ಮುಗಿಯುತ್ತಿದ್ದಾಗ ನಾನು ಫೋನಿನಲ್ಲಿ ಒಂದು ವೀಡಿಯೋ ನೋಡುತ್ತಿದ್ದೆ. ಗುಜರಾತಿನಲ್ಲಿ, ಕಚ್ಛ್ ಕೊಲ್ಲಿಯ ದಂಡೆಯುದ್ದಕ್ಕೂ ಚಾಚಿಕೊಂಡಿರುವ ಸಾಗರ ರಾಷ್ಟ್ರೀಯ ಉದ್ಯಾನ. ಅಲ್ಲಿ ದೋಣಿ ಬೇಡ, ಈಜು ಬೇಡ; ಇಳಿತದ ಹೊತ್ತಿಗೆ ಕಡಲು ತನ್ನ ಸೆರಗನ್ನು ಮೈಲಿಗಟ್ಟಲೆ ಹಿಂದಕ್ಕೆಳೆದುಕೊಳ್ಳುತ್ತದೆ, ಮನುಷ್ಯರು ಕಡಲ ತಳದ ಮೇಲೆ ನಡೆದುಕೊಂಡು ಹೋಗುತ್ತಾರೆ. ಕಲ್ಲಿನ ಗುಂಡಿಗಳಲ್ಲಿ ಉಳಿದ ನೀರಿನಲ್ಲಿ ಹವಳ, ನಕ್ಷತ್ರಮೀನು, ಬಣ್ಣ ಬದಲಿಸುವ ಆಕ್ಟೋಪಸ್. ಅಮ್ಮ ಹಿಂದಿನಿಂದ ಬಂದು ನೋಡಿದಳು. ವೀಡಿಯೋ ಮುಗಿಯುವವರೆಗೆ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. "ಇದ್ ಎಲ್ಲಿ, ಹೆಣೆ?" ಎಂದಳು; ಹೆಣೆ ಎಂದರೆ ನಮ್ಮ ಊರ ಮಾತಿನಲ್ಲಿ ಹುಡುಗಿ. ಹೇಳಿದೆ. ಬಟ್ಟೆ ಒಣಗಿಸಲು ಹೋದಳು.

ಅದಾದ ಮೇಲೆ ಪರೇಲಿನ ಆಸ್ಪತ್ರೆ. ಬಲ ಮೊಣಕಾಲು ಸವೆದಿದೆ, ಬದಲಿಸಬೇಕು ಎಂದರು. ಅಪ್ಪಯ್ಯ ಜೊತೆಗೆ ಹೋಗಿ ತಾರೀಖು ಗೊತ್ತುಮಾಡಿಕೊಂಡು ಬಂದರು. ನನಗೆ ಅಂದು ಕಾನೂನು ಪದವಿಯ ಪರೀಕ್ಷೆಯಿತ್ತು. ರಾತ್ರಿ ಊಟಕ್ಕೆ ಕೂತಾಗ ಅಮ್ಮ ಯಾರಿಗೂ ಅಲ್ಲದ ಹಾಗೆ ಅಂದಳು: "ಆಪ್ರೇಶನ್ ಆದ್ ಮೇಲೆ ಕಲ್ಲ್ ಮೇಲೆಲ್ಲ ನಡೂಕಾತಿಲ್ಲೆ ಅಂಬ್ರ್."

ಮೂವತ್ತು ವರ್ಷಗಳಲ್ಲಿ ಅವಳು ನಡೆದದ್ದು ಫುಟ್‌ಪಾತಿನ ಮೇಲೆ, ಸ್ಟೇಷನ್ನಿನ ಸೇತುವೆಯ ಮೇಲೆ, ಲಿಫ್ಟಿಲ್ಲದ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ. ಯಾವ ಕಲ್ಲು? ನನಗೆ ಹೊಳೆಯಲು ಎರಡು ದಿನ ಹಿಡಿಯಿತು. ಹೊಳೆದ ಕೂಡಲೇ ನಾನು ಮಹಾ ಉದಾರಿಯಂತೆ ಘೋಷಿಸಿದೆ: ಆಪರೇಷನ್ನಿಗೆ ಮೊದಲು ಅಮ್ಮನನ್ನು ಅವಳ ಸ್ವಂತ ಮೊಣಕಾಲಿನ ಮೇಲೆ ಕಡಲ ತಳದಲ್ಲಿ ನಡೆಸುತ್ತೇನೆ. ಡಾಕ್ಟರನ್ನು ಫೋನಿನಲ್ಲಿ ಕೇಳಿದೆ. ಪಟ್ಟಿ ಕಟ್ಟಿಕೊಂಡು, ಕೋಲು ಹಿಡಿದು, ನಿಧಾನಕ್ಕೆ ಸ್ವಲ್ಪ ದೂರ ನಡೆಯಲಿ, ನೋವು ಅವರದು ಎಂದರು. ಇಷ್ಟು ಸ್ಪಷ್ಟವಾದ ತೀರ್ಪು ನಾನು ಯಾವ ನ್ಯಾಯಾಲಯದಲ್ಲೂ ಕೇಳಿಲ್ಲ.

ಯೋಜನೆ ಹಾಕುವುದರಲ್ಲಿರುವ ಸುಖ ಹೋಗುವುದರಲ್ಲಿ ಇದೆಯೋ ಇಲ್ಲವೋ, ನಾನಿನ್ನೂ ತೀರ್ಮಾನಿಸಿಲ್ಲ. ಒಂದು ವಾರ ನಾನು ಸೇನಾಪತಿಯಾಗಿದ್ದೆ. ಮೂರು ದಿನ ಒಟ್ಟಿಗೆ ಬಂದ ಸರಕಾರಿ ರಜೆ ಹುಡುಕಿದೆ, ಜಾಮ್‌ನಗರದ ರೈಲಿಗೆ ಮೂರು ಸ್ಲೀಪರ್ ಟಿಕೆಟು ತೆಗೆದೆ, ಲಾಡ್ಜು, ಅರಣ್ಯ ಇಲಾಖೆಯ ಪರವಾನಗಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಗಂಟೆಗಂಟೆಯ ಲೆಕ್ಕದಲ್ಲಿ ಅಚ್ಚು ಹಾಕಿಸಿದೆ. ಭಾನುವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅಂಥ ದಿನ ಗಲ್ಲೆ ಬಿಟ್ಟು ಹೇಗೆ ಬರುವುದು ಎಂದು ಅಪ್ಪಯ್ಯ ಗೊಣಗಿದರು. ಅದನ್ನು ಕ್ಷುಲ್ಲಕ ಆಕ್ಷೇಪವೆಂದು ತಳ್ಳಿಹಾಕಿದೆ. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಬಂಗುಡೆ ಹಸನು ಮಾಡುತ್ತಿದ್ದಳು. ಹಾಳೆಯನ್ನು ಅವಳ ಮುಂದೆ ಹಿಡಿದು ಓದಿದೆ. ಅವಳು ತಲೆ ಎತ್ತಿ ಹಾಳೆಯನ್ನಲ್ಲ, ಗೋಡೆಯನ್ನು ನೋಡಿದಳು.

"ಆ ದಿನ ಅಷ್ಟಮಿ. ಅಷ್ಟಮಿಗೆ ನೀರ್ ಇಳಿತಿಲ್ಲೆ."

"ಯಾರು ಹೇಳಿದ್ದು?" ಎಂದೆ.

"ಯಾರ್ ಹೇಳುಕೆ? ನೀರೇ ಹೇಳತ್ತ್," ಎಂದು ಮೀನಿನ ಕಿವಿರಿಗೆ ಬೆರಳು ಹಾಕಿದಳು.

ಆಮೇಲಿನ ಅರ್ಧ ಗಂಟೆಯ ನನ್ನ ಭಾಷಣವನ್ನು ನಿಮಗೆ ಒಪ್ಪಿಸುವಷ್ಟು ನಿರ್ಲಜ್ಜೆ ನಾನಲ್ಲ. ಅದರಲ್ಲಿ ಕಾರ್ಯಕಾರಣ ಸಂಬಂಧವಿತ್ತು, ಮೂಢನಂಬಿಕೆಯ ಇತಿಹಾಸವಿತ್ತು, ಸಾಬೀತುಪಡಿಸುವ ಹೊಣೆ ಯಾರದು ಎಂಬ ಪ್ರಶ್ನೆಯಿತ್ತು, ಅಷ್ಟಮಿ ನವಮಿಗಳಂದೂ ರೈಲುಗಳು ಓಡುತ್ತವೆ ಎಂಬ ಚಪ್ಪಾಳೆಯ ಸಾಲೂ ಇತ್ತು. ಮೀನು ಹಸನಾಯಿತು, ಭಾಷಣವೂ ಮುಗಿಯಿತು. ಮರುದಿನ ಉದ್ಯಾನದ ಮಾರ್ಗದರ್ಶಿಯೊಬ್ಬರ ನಂಬರು ಸಿಕ್ಕಿತು, ಅವರಿಲ್ಲದೆ ಕಡಲಿಗಿಳಿಯುವಂತಿಲ್ಲ. ನಾನು ತಾರೀಖು ಹೇಳಲು ಹೊರಟೆ. ಆ ಮನುಷ್ಯ ಗುಜರಾತಿಯ ಎಳೆತವಿರುವ ಹಿಂದಿಯಲ್ಲಿ ಮಾತು ತಡೆದ: "ಬೆಹೆನ್, ತಾರೀಖ್ ಛೋಡೋ, ತಿಥಿ ಬೋಲೋ." ತಾರೀಖು ಬಿಡು, ತಿಥಿ ಹೇಳು! ಅಷ್ಟಮಿ ಎಂದೆ. ಆತ ನಕ್ಕ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು ಕಡಲು ಪೂರ್ತಿ ಏರಿ ಪೂರ್ತಿ ಇಳಿಯುತ್ತದೆ, ಅಷ್ಟಮಿಗೆ ಸೋಮಾರಿಯಾಗಿ ನಡುವೆಯೇ ಹೊರಳಾಡುತ್ತದೆ, ಅಂದು ಬಂದರೆ ದಂಡೆಯಲ್ಲಿ ನಿಂತು ಮೊಣಕಾಲುದ್ದ ನೀರು ನೋಡಿ ಹೋಗಬೇಕಾದೀತು ಎಂದ.

ಇದು ಹೈಸ್ಕೂಲಿನ ಭೂಗೋಳ. ಸೂರ್ಯ ಚಂದ್ರ ಭೂಮಿ ಒಂದೇ ಸಾಲಿಗೆ ಬಂದಾಗ ಏನಾಗುತ್ತದೆಂದು ಚಿತ್ರ ಬರೆದು ಪೂರ್ಣಾಂಕ ತೆಗೆದವಳು ನಾನು. ಆ ಚಿತ್ರಕ್ಕೂ ನಮ್ಮ ಅಡುಗೆಮನೆಯ ಗೋಡೆಗೂ ನಡುವೆ ಒಂದು ಗೆರೆ ಎಳೆಯಬಹುದೆಂದು ಮಾತ್ರ ನನಗೆ ತೋಚಿರಲಿಲ್ಲ. ಈಗ ತೋಚಿದ್ದೇ ತಡ, ಹಳೆಯ ಪ್ರಕರಣಗಳೆಲ್ಲ ಎದ್ದು ಬಂದವು. ಮಳೆಗಾಲದಲ್ಲಿ ಅಮ್ಮ ಬೆಳಗಿನ ಚಹಾ ಕೊಡುತ್ತ, ನಾಳೆ ಹುಣ್ಣಿಮೆ, ಮಳೆ ಬಿಟ್ಟಿಲ್ಲ, ಮಧ್ಯಾಹ್ನಕ್ಕೆ ಮೊದಲು ಮನೆ ಸೇರು ಎನ್ನುತ್ತಿದ್ದಳು. ನಾನು ಹುಣ್ಣಿಮೆಗೂ ಲೋಕಲ್ ರೈಲಿಗೂ ಏನು ಸಂಬಂಧವೆಂದು ನಕ್ಕು ಹೊರಡುತ್ತಿದ್ದೆ. ಮಧ್ಯಾಹ್ನ ಕಡಲು ಉಕ್ಕಿ ಮಳೆನೀರಿಗೆ ಹೋಗಲು ದಾರಿಯಿಲ್ಲದೆ ತಗ್ಗಿನ ಹಿಂದ್‌ಮಾತಾ ರಸ್ತೆಯಲ್ಲಿ ಸೊಂಟದ ನೀರಲ್ಲಿ ನಿಂತು ಫೋನು ಮಾಡುತ್ತಿದ್ದೆ. ಪಾಲಿಕೆಯವರು ಉಬ್ಬರದ ವೇಳೆಯನ್ನು ಟೀವಿಯಲ್ಲಿ ಹೇಳಿದರೆ ಅದು ಮಾಹಿತಿ, ಅಮ್ಮ ಹೇಳಿದರೆ ಅದು ಕಾಕತಾಳೀಯ! ಹೀಗೆ ವಾದಿಸಿದ ಎದುರಾಳಿ ಸಿಕ್ಕಿದ್ದರೆ ನಾನು ವೇದಿಕೆಯ ಮೇಲೆಯೇ ಹರಿದು ಹಂಚುತ್ತಿದ್ದೆ.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಆವತ್ತು ಮೊದಲ ಸಲ ಅಮ್ಮನನ್ನು ಸರಿಯಾಗಿ ಕೇಳಿದೆ. ಅವಳ ತೌರು ಗಂಗೊಳ್ಳಿಯ ಹತ್ತಿರ, ಹೊಳೆ ಕಡಲು ಸೇರುವಲ್ಲಿ. ಗಂಡಸರದು ದೋಣಿ, ಹೆಂಗಸರದು ಇಳಿತ. ನೀರು ಇಳಿದ ಹೊತ್ತಿಗೆ ಹುಡುಗಿಯರೆಲ್ಲ ಲಂಗ ಎತ್ತಿಕಟ್ಟಿ, ಕಲ್ಲು ಕೆಸರಿನಲ್ಲಿ ಬೆರಳಾಡಿಸಿ ಚಿಪ್ಪು ಹೆಕ್ಕುತ್ತಿದ್ದರು. ಯಾವ ತಿಥಿಗೆ ಯಾವ ಹೊತ್ತಿಗೆ ನೀರು ತಿರುಗುತ್ತದೆಂಬ ಲೆಕ್ಕ ತಪ್ಪಿದರೆ ಬುಟ್ಟಿ ಮಾತ್ರವಲ್ಲ, ಪ್ರಾಣವೂ ಹೋಗುತ್ತಿತ್ತು. ಹಾಗೆ ಕಲಿತ ವಿದ್ಯೆಯನ್ನು ಅವಳು ಮಾಟುಂಗದ ಮೂರನೆಯ ಮಹಡಿಗೆ ತಂದಳು. ಇಲ್ಲಿ ಅದಕ್ಕೆ ಕೆಲಸವಿರಲಿಲ್ಲ. ದಾದರಿನ ಚೌಪಾಟಿಯಲ್ಲಿ ನಾವು ಕಡಲಿಗೆ ಬೆನ್ನು ಹಾಕಿ ಭೇಲ್ ತಿನ್ನುತ್ತಿದ್ದೆವು. ನಂಬಿಕೆಯೆಂದು ನಾನು ಗೇಲಿ ಮಾಡಿದ್ದರಲ್ಲಿ ಒಂದು ಪಾಲು ಶುದ್ಧ ಅಕ್ಷರಜ್ಞಾನವಾಗಿತ್ತು. ಇನ್ನೊಂದು ಪಾಲು ನಂಬಿಕೆಯೇ. ಅದರ ಬಗ್ಗೆ ನನ್ನ ತಕರಾರು ಇಂದಿಗೂ ಹಾಗೆಯೇ ಇದೆ, ಅದನ್ನು ಹಿಂತೆಗೆದುಕೊಂಡಿದ್ದೇನೆಂದು ಯಾರೂ ಭಾವಿಸಬಾರದು.

ಏಕೆಂದರೆ ನಿಜವಾದ ಗಂಡಾಂತರ ಬಂದದ್ದು ಆ ಇನ್ನೊಂದು ಪಾಲಿನಿಂದ. ಅಷ್ಟಮಿಯ ಟಿಕೆಟು ರದ್ದು ಮಾಡಿ ಹೊಸ ದಿನ ಹುಡುಕಿದೆವು. ಹತ್ತಿರದ ಹುಣ್ಣಿಮೆಗೆ ಅಪ್ಪಯ್ಯನ ಹೋಟೆಲಿನ ಮಾಲೀಕರ ಮಗಳ ಮದುವೆ, ಗಲ್ಲೆಯವರಿಲ್ಲದೆ ಆಗದು. ಅದರ ಮುಂದಿನ ಹುಣ್ಣಿಮೆಯ ಹೊತ್ತಿಗೆ ಅಮ್ಮನ ಮೊಣಕಾಲು ಹೊಸದಾಗಿ, ಅವಳು ಹಾಸಿಗೆಯಲ್ಲಿರುತ್ತಾಳೆ. ಉಳಿದದ್ದು ನಡುವಿನ ಒಂದೇ ಒಂದು ಅಮಾವಾಸ್ಯೆ, ಅದು ಭಾನುವಾರ. ಮಧ್ಯಾಹ್ನದ ಊಟದ ಗಿರಾಕಿ ಮುಗಿಸಿ ಅಪ್ಪಯ್ಯ ಗಲ್ಲೆ ಬಿಡಬೇಕು, ಸಂಜೆ ಮನೆಯಿಂದ ಹೊರಡಬೇಕು, ಸೋಮವಾರ ಜಾಮ್‌ನಗರ, ಮಂಗಳವಾರ ಬಿದಿಗೆಯ ಬೆಳಗ್ಗೆ ಕಡಲು ಪೂರ್ತಿ ಇಳಿಯುತ್ತದೆ, ಅಂದೇ ವಾಪಸು. ಒಂದು ದಿನ ಮೊದಲು ಹೊರಡೋಣವೆಂದರೆ ಅಪ್ಪಯ್ಯನಿಗೆ ರಜೆಯಿಲ್ಲ, ಒಂದು ದಿನ ತಡವಾಗಿ ಹೊರಟರೆ ಹೇಳಿದ ದಿನಕ್ಕೆ ವಾಪಸು ಬಂದು ಗಲ್ಲೆಯಲ್ಲಿ ಕೂರಲಾಗುವುದಿಲ್ಲ. ಅಮಾವಾಸ್ಯೆಯ ದಿನ ಹೊಸ್ತಿಲು ದಾಟಿದರೆ ಕಡಲು, ದಾಟದಿದ್ದರೆ ಈ ಜನ್ಮಕ್ಕೆ ಆ ಕಲ್ಲಿಲ್ಲ.

ಅಮಾಸಿಗೆ ಹೊರಡುಕಾಗ ಎಂದಳು ಅಮ್ಮ. ದನಿ ಏರಿಸಲಿಲ್ಲ, ಮೀನಿಗೆ ಉಪ್ಪು ಹಾಕಿದ್ದೇನೆ ಎನ್ನುವ ದನಿ. ನಾನು ಏಳು ವಾದಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಏಳರಲ್ಲಿ ಬ್ರಹ್ಮಾಸ್ತ್ರವೆಂದರೆ ಎದುರು ಮನೆಯ ತಮಿಳು ಮಾಮಿ. ಆಕೆಗೆ ಅಮಾವಾಸ್ಯೆ ಮಂಗಳಕರ. ಫ್ರಿಜ್ಜು ತಂದದ್ದು ಅಮಾವಾಸ್ಯೆಗೆ, ಮಗನ ಅಂಗಡಿ ತೆರೆದದ್ದು ಅಮಾವಾಸ್ಯೆಗೆ. ಒಂದೇ ಮಹಡಿ, ಒಂದೇ ಆಕಾಶ, ನಡುವೆ ನಾಲ್ಕು ಹೆಜ್ಜೆಯ ಅಂತರ. ಅಲ್ಲಿ ಶುಭವಾದದ್ದು ಇಲ್ಲಿ ಅಶುಭ ಹೇಗಾಗುತ್ತದೆ? ಇದಕ್ಕೆ ಉತ್ತರವಿಲ್ಲವೆಂದೇ ನಾನು ನಂಬಿದ್ದೆ.

"ಅವರ್ ಅಮಾಸಿ ಅವ್ರಿಗೆ, ನಮ್ ಅಮಾಸಿ ನಮ್ಗೆ," ಎಂದಳು ಅಮ್ಮ. "ಚಂದ್ರ ಒಬ್ನೇ ಆದ್ರೆ ಎಂತ ಆಯ್ತ್, ಅವನಿಗೆ ಹೆಂಡತಿ ಮನೆ ಇಪ್ಪತ್ತೇಳ್ ಇತ್ತ್ ಅಲ್ದಾ?"

ಅಪ್ಪಯ್ಯ ನಕ್ಕು ಚಹಾ ಚೆಲ್ಲಿಕೊಂಡರು. ನಾನು ಉಳಿದ ಆರು ವಾದಗಳನ್ನು ಹೇಳಲೇ ಇಲ್ಲ. ಕಟ್ಟಡದ ಕತೆ ತಪ್ಪುವುದು ಇಲ್ಲಿಯೇ, ದಯವಿಟ್ಟು ಗುರುತು ಹಾಕಿಕೊಳ್ಳಿ. ನಾನು ಅಮ್ಮನ ಮುಖ ನೋಡಿದೆ. ಬೇಡವೆನ್ನುವ ಮುಖವಲ್ಲ ಅದು. ಬೇಕು, ಆದರೆ ದಾರಿ ನನ್ನದಾಗಿರಬೇಕು ಎನ್ನುವ ಮುಖ. ಎದುರಾಳಿ ತನ್ನೊಳಗೇ ವಾದಿಸುತ್ತಿರುವಾಗ ನಡುವೆ ಬಾಯಿ ಹಾಕಬಾರದೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನನ್ನ ಇಪ್ಪತ್ತನಾಲ್ಕು ವರ್ಷಗಳ ಆಯುಷ್ಯದಲ್ಲಿ ಮೊದಲ ಬಾರಿಗೆ, ತಿಳಿದೂ ತಿಳಿದೂ, ಸುಮ್ಮನಿದ್ದೆ. ಟಿಕೆಟು ಮಾತ್ರ ತೆಗೆದಿಟ್ಟೆ, ವೇಟಿಂಗ್ ಲಿಸ್ಟಿನಲ್ಲಿ. ರೈಲಿಗೂ ಅಮ್ಮನಿಗೂ ಒಟ್ಟಿಗೇ ಕಾಯುವುದೆಂದುಕೊಂಡೆ. ಇಲಾಖೆಯ ನಿಯಮಗಳನ್ನು ಒಮ್ಮೆ ಓದಿ ಹೇಳಿದೆ: ಏನನ್ನೂ ಮುಟ್ಟುವಂತಿಲ್ಲ, ಸತ್ತ ಚಿಪ್ಪನ್ನೂ ಎತ್ತಿಕೊಳ್ಳುವಂತಿಲ್ಲ. "ಎಂತದೂ ಹೆಕ್ಕುಕಿಲ್ಲೆ? ಬರೀ ಕಾಂಬುದಾ?" ಎಂದು ಅಮ್ಮ ಆಶ್ಚರ್ಯಪಟ್ಟಳು. ಮತ್ತೆ ಅವಳೊಬ್ಬಳೇ ನಕ್ಕಳು. ಬುಟ್ಟಿಯಿಲ್ಲದೆ, ಹೊರೆಯಿಲ್ಲದೆ, ಬರಿಗೈಯಲ್ಲಿ ಇಳಿತಕ್ಕಿಳಿಯುವುದು! ರಾಣಿಯರ ಕೆಲಸ ಎಂಬಂತಿತ್ತು ಆ ನಗು.

ಗುರುವಾರ ಬೆಳಗ್ಗೆ, ದ್ವಾದಶಿ, ಅವಳು ತನ್ನ ಕೈಚೀಲಕ್ಕೆ ಎರಡು ಸೀರೆ, ಮೊಣಕಾಲಿನ ಪಟ್ಟಿ, ಒಂದು ಜೊತೆ ಕ್ಯಾನ್ವಾಸ್ ಬೂಟು ಹಾಕಿ, ದೇವರ ಮುಂದಿಟ್ಟು ಅರಶಿನ ಕುಂಕುಮ ಹಚ್ಚಿ, ನನ್ನ ಕೈಗೆ ಕೊಟ್ಟು, ಮಾಮಿಯ ಮನೆಯಲ್ಲಿ ಇಟ್ಟು ಬಾ ಎಂದಳು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಪ್ಪಯ್ಯ ವಿವರಿಸಿದರು: ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೊರಡಬೇಕಾದ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕೆ ಮೊದಲಿನ ಒಳ್ಳೆಯ ದಿನ ಗಂಟನ್ನೋ ಚೀಲವನ್ನೋ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಅಂದೇ ಶುರುವಾದಂತೆ.

"ಚೀಲ ಹೋದ್ರೆ ನಾವ್ ಹೋದ ಹಾಂಗೆ," ಎಂದಳು ಅಮ್ಮ. "ಆಯ್ತಾರ ನಾವ್ ಹೊರಡುದಲ್ಲ, ಚೀಲದ ಹಿಂದೆ ಹೋಪುದ್."

ಓದುತ್ತಿರುವ ನಿಮ್ಮಲ್ಲಿ ಕಾನೂನು ಓದಿದವರಿದ್ದರೆ ಆ ಕ್ಷಣದ ನನ್ನ ರೋಮಾಂಚನ ಅರ್ಥವಾದೀತು. ನಡೆಯದ ಸಂಗತಿಯನ್ನು ನಡೆದಂತೆ ಭಾವಿಸತಕ್ಕದ್ದು ಎಂದು ಒಂದೇ ಸಾಲು ಬರೆದು ಇಡೀ ವ್ಯವಸ್ಥೆಯನ್ನು ಮುರಿಯದೆ ಮುಂದೆ ದಾಟಿಸುವ ಜಾಣ್ಮೆಯನ್ನು ನಾವು ದಪ್ಪ ಪುಸ್ತಕಗಳಲ್ಲಿ ಓದಿ ತಲೆದೂಗುತ್ತೇವೆ. ನಮ್ಮ ಅಜ್ಜಿಯರು ಅದನ್ನು ಒಂದು ಚೀಲದಲ್ಲಿ ತುಂಬಿ ಪಕ್ಕದ ಮನೆಯ ಬಾಗಿಲಿಗೆ ಒರಗಿಸಿಟ್ಟಿದ್ದರು. ನಿಯಮವೂ ಉಳಿಯಿತು, ರೈಲೂ ಉಳಿಯಿತು. ನಾನು ನಿಯಮವನ್ನು ಒಡೆಯಲು ಏಳು ಸುತ್ತಿಗೆ ಹೊತ್ತು ನಿಂತಿದ್ದೆ. ಅವಳು ಅದರಲ್ಲೇ ಇದ್ದ ಬಾಗಿಲನ್ನು ತಳ್ಳಿ ಆಚೆ ನಿಂತಳು. ಸಂದೇಹವಾದಿಯಾಗಿ ನಾನು ಇದನ್ನೂ ದಾಖಲಿಸಬೇಕು: ಚೀಲಕ್ಕೆ ಪ್ರಯಾಣ ಮಾಡುವ ಶಕ್ತಿಯಿದೆಯೆಂದು ನಾನು ನಂಬುವುದಿಲ್ಲ. ಆದರೂ ನಾಲ್ಕು ಹೆಜ್ಜೆ ದಾಟಿ ಅದನ್ನು ಮಾಮಿಯ ಕೈಗಿತ್ತಾಗ ನನ್ನ ಎದೆ ಧ್ವಜ ಏರಿಸಿದವಳಂತೆ ಉಬ್ಬಿತ್ತು. ಮಾಮಿ ಅದನ್ನು ತನ್ನ ದೇವರ ಕೋಣೆಯ ಬದಿಯಲ್ಲಿ ಇಟ್ಟು, ಅಮಾವಾಸ್ಯೆ ನಲ್ಲ ದಿನ, ಒಳ್ಳೆಯ ದಿನ, ಅವತ್ತೇ ಕೊಡುತ್ತೇನೆ ಎಂದಳು. ಎರಡು ಪಂಚಾಂಗಗಳು ನನ್ನ ಕಣ್ಣೆದುರೇ ರಾಜಿಯಾದವು. ಶನಿವಾರ ಮಧ್ಯಾಹ್ನ ಮೂರೂ ಟಿಕೆಟು ಖಾತ್ರಿಯಾದವು.

ಭಾನುವಾರ ಅಪ್ಪಯ್ಯ ಹೋಟೆಲಿನಿಂದ ಬಂದು ಸ್ನಾನ ಮಾಡುವ ಹೊತ್ತಿಗೆ ನಾನು ಕಾಗದಪತ್ರಗಳನ್ನು ಜೋಡಿಸುತ್ತಿದ್ದೆ. ವಾಪಸು ಬಂದ ಐದನೆಯ ದಿನವೇ ಆಸ್ಪತ್ರೆ, ಆದ್ದರಿಂದ ಆ ಕಡತವನ್ನೂ ಒಮ್ಮೆ ನೋಡಿಟ್ಟೆ. ಮೊದಲ ಹಾಳೆಯ ಮೇಲೆ ಒಂದು ತಾರೀಖು ಬರೆದು, ಅಡ್ಡಗೆರೆ ಎಳೆದು, ಪಕ್ಕದಲ್ಲಿ ಇನ್ನೊಂದನ್ನು ಬರೆದಿದ್ದರು. ಹೊಡೆದುಹಾಕಿದ್ದು ಈ ಅಮಾವಾಸ್ಯೆಗೆ ಹತ್ತು ದಿನ ಮೊದಲಿನದು. ಡಾಕ್ಟರು ಬದಲಿಸಿದರೇ ಎಂದು ಅಪ್ಪಯ್ಯನನ್ನು ಕೇಳಿದೆ. ಅವರು ತಲೆ ಒರೆಸಿಕೊಳ್ಳುತ್ತಲೇ ಅಂದರು: "ಅವರ್ ಎರಡ್ ತಾರೀಕ್ ಕೊಟ್ಟಿದ್ರ್. ಯಾವ್ದಾದ್ರೂ ಅಡ್ಡಿಲ್ಲೆ ಅಂದ್ರ್. ನಿನ್ ಅಮ್ಮ ಪರ್ಸಿಂದ ಸಣ್ ಕ್ಯಾಲೆಂಡರ್ ತೆಗ್ದ್ ಕಂಡ್ಳ್, ಮೊದ್ಲಿಂದ್ ಬ್ಯಾಡ ಅಂದ್ಳ್. ನಾನ್ ಎಂತದೋ ಶಾಸ್ತ್ರ ಅಂದ್ಕಂಡೆ."

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ: ಆ ಮೊದಲ ತಾರೀಖು ಉಳಿದಿದ್ದರೆ ಈ ಅಮಾವಾಸ್ಯೆಗೆ ಅಮ್ಮ ಹಾಸಿಗೆಯಲ್ಲಿರುತ್ತಿದ್ದಳು. ಆಸ್ಪತ್ರೆಗೆ ಅವರು ಹೋದದ್ದು ನಾನು ಪ್ರವಾಸದ ಮಾತೆತ್ತುವುದಕ್ಕೆ ಎರಡು ದಿನ ಮೊದಲು.

ಬಾಗಿಲ ಹೊರಗೆ ಮಾಮಿ ಚೀಲ ಹಿಡಿದು ನಿಂತಿದ್ದಳು. ಅಪ್ಪಯ್ಯ ದೊಡ್ಡ ಬ್ಯಾಗುಗಳನ್ನು ಹೊತ್ತು ಟ್ಯಾಕ್ಸಿ ಕರೆಯಲು ಕೆಳಗಿಳಿದರು. ಅಮ್ಮ ಕೋಲನ್ನು ಬಲಗೈಯಲ್ಲೂ ಮೆಟ್ಟಿಲ ಬದಿಯ ಕಟಾಂಜನವನ್ನು ಎಡಗೈಯಲ್ಲೂ ಹಿಡಿದು, ಒಂದು ಮೆಟ್ಟಿಲಿಗೆ ಎರಡು ಕಾಲೂ ಊರಿ, ಮತ್ತೊಂದು ಮೆಟ್ಟಿಲಿಗೆ ಇಳಿಯುತ್ತಿದ್ದಳು. ಅಮಾವಾಸ್ಯೆಯ ಸಂಜೆಗೆ ಅಳುಕಿದ ಒಂದು ಲಕ್ಷಣವೂ ಆ ಬೆನ್ನಿನಲ್ಲಿರಲಿಲ್ಲ. ಪ್ರತಿ ಮಹಡಿಯಲ್ಲೂ ಯಾರಾದರೂ ಬಾಗಿಲು ತೆರೆದು, ಮಗಳು ಗೆದ್ದಳಲ್ಲ ಎಂದು ನಗುತ್ತಿದ್ದರು. ಹೌದು, ಅವಳದೇ ಎಲ್ಲ ಎಂದು ಅಮ್ಮ ಬಹಳ ಗಂಭೀರವಾಗಿ ಒಪ್ಪಿಕೊಳ್ಳುತ್ತ ಇಳಿದಳು. ಕೊನೆಯ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ನಾನು ಅವಳಿಗಿಂತ ಒಂದು ಮೆಟ್ಟಿಲು ಕೆಳಗಿಳಿದು, ಮುಖ ನೋಡಿ ಕೇಳಿಯೇಬಿಟ್ಟೆ:

"ಅಮ್ಮ, ಒಂದು ಸಲ ನಿಜ ಹೇಳು, ಈ ಪ್ಲಾನು ಹಾಕಿದ್ದು ನಾನಾ, ನೀನಾ?"